ಮೈಸೂರಲ್ಲಿ ಯಕ್ಷ-ನಾಗ-ಗಂಧರ್ವ ಟೀಮ್ ಮಾಡ್ಕೊಂಡು ಜಿಯೋಕ್ಯಾಶಿಂಗ್ ಆಟ ಆಡ್ಬೇಕು ಅಂತಿದೀವಿ, ಗಡಿ ಲೆಕ್ಕ ಹೇಗಿಡೋದು?

ಕೆರೆಏರಿ_ಮೈಸೂರು

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಆದ್ರೂ ಪೂರ್ತಿ ಓದಿ ಹೇಳಿ ಪ್ಲೀಸ್.

ನಾವು ಮೈಸೂರಲ್ಲಿ ಒಂದು ಗುಂಪಿದೀವಿ, ಕಾಲೇಜ್ ಹುಡುಗ್ರು ಹುಡ್ಗೀರು, ಇಬ್ರು ಮೇಷ್ಟ್ರು, ಒಬ್ರು ರಿಟೈರ್ಡ್ ಆಂಟಿ, ಹೀಗೆ ಎಲ್ಲಾ ವಯಸ್ಸಿನೋರು. ಈ ಸಲ ದಸರಾ ರಜೇಲಿ ಊರೆಲ್ಲಾ ನಡ್ಕೊಂಡು ಆಡೋ ಥರದ್ದೊಂದು ದೊಡ್ಡ ಆಟ ಮಾಡ್ಬೇಕು ಅಂತ ಪ್ಲಾನ್. ತಳಪಾಯ ಜಿಯೋಕ್ಯಾಶಿಂಗ್. ಗೊತ್ತಿಲ್ದೋರಿಗೆ ಎರಡು ಮಾತು ಹೇಳ್ತೀನಿ. 2000ದ ಮೇ ತಿಂಗಳಲ್ಲಿ ಅಮೆರಿಕಾ ಸರ್ಕಾರ ಜಿಪಿಎಸ್ ಸಿಗ್ನಲ್ಲನ್ನ ಬೇಕಂತಲೇ ಕೆಡಿಸಿ ಕೊಡೋದನ್ನ ನಿಲ್ಲಿಸ್ತು, ಅಲ್ಲೀವರೆಗೂ ನೂರು ಮೀಟರ್ ಆಚೀಚೆ ತೋರಿಸ್ತಿದ್ದ ಸಾಧನ ಇದ್ದಕ್ಕಿದ್ದಂಗೆ ಕರಾರುವಾಕ್ಕಾಯ್ತು, ಒಂದೆರಡು ದಿನದಲ್ಲೇ ಡೇವ್ ಅಲ್ಮರ್ ಅನ್ನೋರು ಆರೆಗಾನ್ ರಾಜ್ಯದಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ನೆಟ್ಟಲ್ಲಿ ಹಾಕಿದ್ರು. ಹೋಗಿ ಹುಡುಕಿ, ಒಳಗಿರೋ ಪುಸ್ತಕದಲ್ಲಿ ಸಹಿ ಹಾಕಿ, ಇದ್ದಂಗೇ ಇಟ್ಟು ಬನ್ನಿ ಅಂತ. ಇವತ್ತು ಪ್ರಪಂಚದಲ್ಲಿ ಅಂಥಾ ಡಬ್ಬಿಗಳು 30 ಲಕ್ಷಕ್ಕೂ ಜಾಸ್ತಿ ಇವೆ.

ನಮಗೆ ಬರೀ ಹುಡುಕೋದು ಸಾಲದು ಅನಿಸ್ತು. ಮೂರು ಕುಲ ಮಾಡಿದೀವಿ, ಯಕ್ಷರು, ನಾಗರು, ಗಂಧರ್ವರು. ಡಬ್ಬಿ ಹುಡುಕಿ ಸಹಿ ಹಾಕಿದ್ರೆ ಆ ಜಾಗ ನಿಮ್ಮ ಕುಲದ್ದು, ನಕ್ಷೇಲಿ ನಿಮ್ಮ ಬಣ್ಣ. ಡ್ರ್ಯಾಗನ್ನು ಎಲ್ಫು ಅಂತ ಮಾಡೋಣ ಅಂತ ಇಬ್ರು ಹೇಳಿದ್ರು, ನಾನು ಪಟ್ಟು ಹಿಡಿದು ಬೇಡ ಅಂದೆ. ನಿಧಿ ಕಾಯೋ ಯಕ್ಷ, ನಿಧಿ ಮೇಲೆ ಹೆಡೆ ಬಿಚ್ಚಿ ಕೂತ ಸರ್ಪ ಇದೆಲ್ಲಾ ಅಜ್ಜಿ ಬಾಯಲ್ಲಿ ಕೇಳ್ಕೊಂಡೇ ಬೆಳೆದಿದೀವಿ, ಕುಬೇರನ ಒಂಬತ್ತು ನಿಧಿಗಳಿಗೆ ಶಂಖ, ಪದ್ಮ, ಮಕರ, ಕಚ್ಛಪ ಅಂತ ಹೆಸರೇ ಇವೆ, ಎಷ್ಟೋ ದೇವಸ್ಥಾನದ ಬಾಗಿಲಲ್ಲಿ ಶಂಖನಿಧಿ ಪದ್ಮನಿಧಿ ಕೆತ್ತಿರ್ತಾರೆ. ಇಷ್ಟು ಇಟ್ಕೊಂಡು ಬೇರೆ ಕಡೆಯಿಂದ ಯಾಕೆ ತರ್ಬೇಕು. ಅದಕ್ಕೇ ನಮ್ಮ ಒಂಬತ್ತು ಮುಖ್ಯ ಡಬ್ಬಿಗಳಿಗೆ ನವನಿಧಿ ಹೆಸರು, ಮಿಕ್ಕಿದ್ದಕ್ಕೆ ಸಾದಾ ನಂಬರ್.

ಕೆರೆ ಹತ್ರ ಯಕ್ಷಪ್ರಶ್ನೆ ಇದೆ. ನೀರಿಗೆ ಬಂದ ಪಾಂಡವರನ್ನ ಯಕ್ಷ ತಡೆದು ಪ್ರಶ್ನೆ ಕೇಳಿದ್ನಲ್ಲ ಹಂಗೆ, ಅಲ್ಲಿ ಡಬ್ಬಿ ಇರಲ್ಲ, ನಿಂತು ನೋಡಿದ್ರೆ ಮಾತ್ರ ಉತ್ತರ ಸಿಗೋ ಪ್ರಶ್ನೆ ಇರುತ್ತೆ. ಕುಕ್ಕರಹಳ್ಳಿ ಕೆರೆಗೂ ಲಿಂಗಾಂಬುಧಿಗೂ ಇದೇ ಸರಿ ಅನಿಸ್ತು, ಹಕ್ಕಿ ಗೂಡು ಕಟ್ಟೋ ಜಾಗದಲ್ಲಿ ಪೊದೆ ಕೆದಕೋದು ಯಾರಿಗೂ ಬೇಡ.

ಈಗ ನನ್ನ ಪ್ರಶ್ನೆ. ಗಡಿ ಲೆಕ್ಕ ಹೇಗೆ? ಮೊದಲು ಸಿಂಪಲ್ಲಾಗಿ ಯೋಚಿಸಿದ್ದು ಏನಂದ್ರೆ ಕೊನೇಲಿ ಯಾರತ್ರ ಜಾಸ್ತಿ ಡಬ್ಬಿ ಇದ್ಯೋ ಅವರು ಗೆದ್ರು ಅಂತ. ಆದ್ರೆ ಹಂಗ್ ಮಾಡಿದ್ರೆ ಬೈಕ್ ಇರೋ ನಾಲ್ಕು ಜನ ಕೊನೇ ದಿನ ಒಂದು ರೌಂಡ್ ಹೊಡೆದು ಎಲ್ಲಾ ಬಾಚ್ಕೊಂಡ್ ಹೋಗ್ತಾರೆ, ಬೆಳಿಗ್ಗೆ ಬೆಳಿಗ್ಗೆ ವಾಕಿಂಗ್ ಬಂದು ಒಂದೊಂದೇ ಡಬ್ಬಿ ನೋಡ್ಕೊಳ್ಳೋ ನಮ್ಮ ಆಂಟಿ ಥರದೋರು ಆಟದಲ್ಲಿ ಇದ್ದೂ ಇಲ್ದಂಗೆ. ನನಗೆ ಅವರೇ ಮುಖ್ಯ. ಒಂದು ಜಾಗಕ್ಕೆ ಮತ್ತೆ ಮತ್ತೆ ಹೋಗಿ ಅದನ್ನ ಕಾಯೋರಿಗೆ ಬೆಲೆ ಬರೋ ಹಂಗೆ ಲೆಕ್ಕ ಇರ್ಬೇಕು. ಕುಲಗಳ ಸಂಖ್ಯೇನೂ ಸಮ ಇಲ್ಲ, ಎಲ್ರಿಗೂ ಗಂಧರ್ವರೇ ಆಗ್ಬೇಕು. ಆಡಿದೋರು, ಆಡ್ಸಿದೋರು ಇದ್ರೆ ಹೇಳಿ.

---

ನೆಕ್ಕರ್_ದಂಡೆ

ನಮಸ್ಕಾರ, ಓದಿ ತುಂಬಾ ಖುಷಿ ಆಯ್ತು. ನಾನು ಹಾಸನದೋನು, ಈಗ ಸ್ಟುಟ್‌ಗಾರ್ಟ್ ಹತ್ರ ಇದೀನಿ, ಇಲ್ಲಿ ಜಿಯೋಕ್ಯಾಶಿಂಗ್ ಅಂದ್ರೆ ಜನಕ್ಕೆ ಹುಚ್ಚು, ಯಾವ ಕಾಡು ದಾರಿಗೆ ಹೋದ್ರೂ ಒಂದು ಡಬ್ಬಿ ಇರುತ್ತೆ. ಅಂಕದ ವಿಷಯ ಬೇರೆಯೋರು ಹೇಳ್ತಾರೆ, ನಾನು ಡಬ್ಬಿ ಬಗ್ಗೆ ಹೇಳ್ತೀನಿ, ಯಾಕಂದ್ರೆ ಆಟ ನಿಲ್ಲೋದು ಡಬ್ಬಿ ಮೇಲೆ.

ಮೊದಲ್ನೇದು, ನಿಮ್ಮ ಡಬ್ಬಿಗಳನ್ನ ಜಿಯೋಕ್ಯಾಶಿಂಗ್ ವೆಬ್‌ಸೈಟಲ್ಲಿ ಲಿಸ್ಟ್ ಮಾಡೋ ಯೋಚನೆ ಇದ್ರೆ ಅಲ್ಲಿನ ನಿಯಮ ನೋಡ್ಕೊಳ್ಳಿ. ಒಂದು ಡಬ್ಬಿಗೂ ಇನ್ನೊಂದಕ್ಕೂ ಕನಿಷ್ಠ 161 ಮೀಟರ್ ಅಂತರ ಇರ್ಬೇಕು, ನೆಲ ಅಗೆದು ಹೂಳೋ ಹಂಗಿಲ್ಲ, ಜಾಗದೋರ ಒಪ್ಪಿಗೆ ಬೇಕು, ಒಳಗೆ ತಿಂಡಿ ಇಡೋ ಹಂಗಿಲ್ಲ. ಇದಕ್ಕಿಂತ ನಿಮಗೆ ಮುಖ್ಯವಾದದ್ದು ಏನಂದ್ರೆ ಹುಡುಕಿದೋರು ಪುಸ್ತಕದಲ್ಲಿ ಸಹಿ ಹಾಕಿದ್ರೆ ಮುಗೀತು, ಅದರ ಮೇಲೆ ಇನ್ನೇನೋ ಮಾಡಿದ್ರೇ ಲೆಕ್ಕ ಅಂತ ಷರತ್ತು ಹಾಕೋದನ್ನ ಅವರು 2009ರಲ್ಲೇ ನಿಲ್ಲಿಸಿದ್ರು. ಅಂದ್ರೆ 'ನಾಗ ಕುಲಕ್ಕೆ ಸೇರಿದ್ರೆ ಮಾತ್ರ ಲಾಗ್ ಮಾಡಿ' ಅಂತ ಬರೆದ್ರೆ ಅಲ್ಲಿ ಡಬ್ಬಿ ಪರಿಶೀಲಿಸೋ ರಿವ್ಯೂವರ್ ಪಾಸ್ ಮಾಡಲ್ಲ. ಹಾಗಾಗಿ ಆಟವನ್ನ ಡಬ್ಬಿಗಳ ಮೇಲೆ ಒಂದು ಬೇರೆ ಪದರ ಥರ ಇಟ್ಕೊಳ್ಳಿ. ನನ್ನ ಕೇಳಿದ್ರೆ ಹತ್ತು ದಿನದ ಆಟಕ್ಕೆ ಲಿಸ್ಟ್ ಮಾಡೋದೇ ಬೇಡ, ಅಲ್ಲಿ ಹಾಕಿದ್ ಮೇಲೆ ಕನಿಷ್ಠ ಮೂರು ತಿಂಗಳಾದ್ರೂ ಡಬ್ಬಿ ಇರ್ಬೇಕು ಅಂತ ಬಯಸ್ತಾರೆ. ನಿಮ್ಮ ಗುಂಪಿನೊಳಗೇ ಇಟ್ಕೊಳ್ಳಿ, ಆಟ ಮುಗಿದ ದಿನ ಒಂದೊಂದನ್ನೂ ಎಣಿಸಿ ವಾಪಸ್ ತನ್ನಿ. ಮರೆತು ಬಿಟ್ಟ ಡಬ್ಬಿ ಅಂದ್ರೆ ಬರೀ ಕಸ, ಈ ಹವ್ಯಾಸಕ್ಕೆ ಎಲ್ಲಾ ಕಡೆ ಕೆಟ್ಟ ಹೆಸರು ತಂದಿರೋದೇ ಅದು.

ಎರಡನೇದು ಡಬ್ಬಿ ಹೇಗಿರ್ಬೇಕು ಅನ್ನೋದು. ಪಾರದರ್ಶಕ ಆಗಿರ್ಲಿ, ಒಳಗೇನಿದೆ ಅಂತ ಹೊರಗಿಂದ್ಲೇ ಕಾಣ್ಬೇಕು, ಮುಚ್ಚಳದ ಮೇಲೆ ದೊಡ್ಡದಾಗಿ ಕನ್ನಡದಲ್ಲಿ 'ಇದು ಆಟದ ಡಬ್ಬಿ, ಅಪಾಯ ಇಲ್ಲ' ಅಂತ, ಜೊತೆಗೆ ಒಂದು ಫೋನ್ ನಂಬರ್. ಸ್ಟೀಲ್ ಟಿಫನ್ ಬಾಕ್ಸು, ಟೇಪ್ ಸುತ್ತಿದ ಕಪ್ಪು ಡಬ್ಬಿ, ವೈರ್ ಕಾಣೋ ಯಾವುದೂ ಬೇಡವೇ ಬೇಡ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಅನ್ನೋ ಊರಲ್ಲಿ ಯಾರೋ ಒಬ್ರು ಡಬ್ಬಿ ಇಡೋದನ್ನ ನೋಡಿ ಅನುಮಾನ ಬಂದು, ಬಾಂಬ್ ಸ್ಕ್ವಾಡ್ ಬಂದು ಅದನ್ನ ಸಿಡಿಸಿ ಹಾಕ್ತು. ಅದೂ ಅಲ್ಲಿ. ದಸರಾ ಟೈಮಲ್ಲಿ ಮೈಸೂರಿನ ಸೆಕ್ಯುರಿಟಿ ಹೇಗಿರುತ್ತೆ ಅಂತ ನಿಮಗೇ ಚೆನ್ನಾಗಿ ಗೊತ್ತು. ಅರಮನೆ ಸುತ್ತ, ಜಂಬೂಸವಾರಿ ದಾರಿ, ಬನ್ನಿಮಂಟಪ, ರೈಲ್ವೇ ಸ್ಟೇಷನ್, ಬಸ್ ಸ್ಟ್ಯಾಂಡ್ ಇಷ್ಟೂ ಕಡೆ ಡಬ್ಬಿನೂ ಬೇಡ, ಪ್ರಶ್ನೆನೂ ಬೇಡ, ನಕ್ಷೇಲೇ ಅಳಿಸಿಬಿಡಿ. ಪೊಲೀಸ್ ಸ್ಟೇಷನ್ನಿಗೆ ಜಾಗಗಳ ಪಟ್ಟಿ ಫೋಟೋ ಸಮೇತ ಮುಂಚೆನೇ ಕೊಟ್ಟು ಬನ್ನಿ.

ಕೈ ಹಾಕೋ ಜಾಗದ ಬಗ್ಗೆ ಇನ್ನೊಂದು ಮಾತು. ಇಲ್ಲಿ ಜರ್ಮನೀಲಿ ಬೇರಿನ ಸಂದು, ಕಲ್ಲಿನ ಪೊಟರೆ ಒಳಗೆಲ್ಲಾ ಇಡ್ತಾರೆ, ಕೈ ಹಾಕಿ ತೆಗೀತಾರೆ. ನಮ್ಮೂರಲ್ಲಿ ಅದು ಆಗದ ಮಾತು, ನಿಜವಾದ ನಾಗನೇ ಇರ್ತಾನೆ. ಸೊಂಟದ ಎತ್ತರದಲ್ಲಿ, ಕಣ್ಣಿಗೆ ಕಾಣೋ ಕಡೆ, ಬೇಲಿ ಕಂಬದ ಹಿಂದೆ, ಒಪ್ಪಿಗೆ ಕೊಟ್ಟ ಅಂಗಡಿ ಜಗಲಿ ಮೇಲೆ ಈ ಥರ ಇಡಿ. ಲಾಗ್ ಹಾಳೆ, ಅಂದ್ರೆ ಸಹಿ ಹಾಕೋ ಹಾಳೆ, ಜಿಪ್ ಕವರಲ್ಲಿ ಇರ್ಲಿ, ಇಲ್ಲಾಂದ್ರೆ ಗೆದ್ದಲು ಬಿಡಲ್ಲ. ಪೆನ್ನಿಗಿಂತ ಪೆನ್ಸಿಲ್ ವಾಸಿ, ಮಳೆ ಬಂದ್ರೂ ಅಳಿಸಲ್ಲ.

ಕೊನೇದು, ಕೋಆರ್ಡಿನೇಟ್ ಬರೆಯೋ ಕ್ರಮ ಎಲ್ರೂ ಒಂದೇ ಇಟ್ಕೊಳ್ಳಿ. ಜಿಯೋಕ್ಯಾಶಿಂಗಲ್ಲಿ ಡಿಗ್ರಿ ಮತ್ತೆ ದಶಾಂಶ ನಿಮಿಷ, ಅಂದ್ರೆ 12° 18.300' ಹೀಗೆ ಬರೀತಾರೆ. ಫೋನಿನ ಮ್ಯಾಪಲ್ಲಿ ಅದೇ ಜಾಗ 12.305 ಅಂತ ಬರುತ್ತೆ. ಒಬ್ರು ಅದನ್ನ 12.183 ಅಂತ ಟೈಪ್ ಮಾಡಿದ್ರೆ ಹದಿಮೂರು ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಹುಡುಕ್ತಿರ್ತಾರೆ. ಇನ್ನು ಮರದಡೀಲಿ, ಬಂಡೆ ಪಕ್ಕ ಫೋನ್ ಹತ್ತು ಮೀಟರ್ ಆಚೀಚೆ ತೋರ್ಸೋದು ಮಾಮೂಲು, ಅದಕ್ಕೆ ಒಂದು ಸಾಲು ಸುಳಿವು ಕೊಟ್ಟೇ ಕೊಡಿ.

---

ಸಾಧನಕೇರಿ_ಹುಡುಗ

ಭಾರಿ ಐಡಿಯಾ ನೋಡ್ರಿ! ನಾ ಧಾರವಾಡದಾಂವ. ಮಂದಿ ಸಮ ಇಲ್ಲ ಅಂತ ಕೇಳೀರಲ್ಲ, ಅದಕ್ಕ ಉತ್ತರ ನಮ್ಮ ಹುಲಿ-ಕುರಿ ಆಟದಾಗ ಐತ್ರಿ, ನಿಮ್ಮ ಕಡೆ ಆಡು-ಹುಲಿ ಅಂತಾರ. ಹುಲಿ ಕಡಿಮಿ, ಕುರಿ ಭಾಳ. ಆದ್ರ ಇಬ್ಬರೂ ಗೆಲ್ಲೂ ದಾರಿ ಬ್ಯಾರೆ ಬ್ಯಾರೆ. ಹುಲಿ ಜಿಗದು ಕುರಿ ಹೊಡೀಬೇಕು, ಕುರಿ ಸುತ್ತುಗಟ್ಟಿ ಹುಲಿ ಅಲ್ಲಾಡಧಂಗ ಮಾಡಬೇಕು. ಹಳೇ ಗುಡಿ ಜಗಲಿ ಮ್ಯಾಲೆ, ಕಲ್ಲಿನ ಹಾಸಿನ ಮ್ಯಾಲೆ ಆ ಮನಿ ಕೆತ್ತಿದ್ದು ಎಷ್ಟೋ ಊರಾಗ ಇನ್ನೂ ಅದಾವ, ಅಂದ್ರ ನಮ್ಮ ಹಿರಿಯರು ಸಮ ಇಲ್ಲದ ಎರಡು ಪಾರ್ಟಿ ಇಟ್ಟ ಸಮ ಆಟ ಕಟ್ಟೂದು ಯಾವಾಗೋ ಕಲ್ತಿದ್ರು.

ನಿಮ್ಮ ಆಟದಾಗೂ ಹಂಗ ಮಾಡ್ರಿ. ಮೂರೂ ಕುಲಕ್ಕ ಒಂದ ನಿಯಮ ಇರಬೇಕು ಅಂತೇನಿಲ್ಲ. ಗಂಧರ್ವರು ಭಾಳ ಮಂದಿ ಇದ್ರ ಅವರು ಗಡಿಗೆ ಹತ್ತಿದ ಜಾಗ ಅಷ್ಟ ಹಿಡೀಬೇಕು, ಒಂದರ ಬಾಜೂಕ ಒಂದು, ಹಾರಿ ಹೋಗೂ ಹಂಗಿಲ್ಲ. ನಾಗರು ಕಡಿಮಿ ಇದ್ರ ಅವರಿಗೆ ಪಾತಾಳದಿಂದ ಎಲ್ಲಿ ಬೇಕಾದಲ್ಲಿ ಏಳೂ ಶಕ್ತಿ ಕೊಡ್ರಿ, ದಿನಕ್ಕ ಒಂದ ಸಲ ದೂರದ ಯಾವುದರ ಒಂದು ಜಾಗ ಹಿಡೀಲಿ. ಯಕ್ಷರು ಕಾಯಾವರು, ಅವರ ಡಬ್ಬಿ ಕಸಗೊಳ್ಳಾಕ ಎರಡು ಸಲ ಹೋಗಿ ಸಹಿ ಹಾಕಬೇಕು, ಅದೂ ಇಬ್ಬರು ಬ್ಯಾರೆ ಬ್ಯಾರೆ ಮಂದಿ. ಕತಿಗೂ ಕೂಡ್ತದ, ಆಟಕ್ಕೂ ಕೂಡ್ತದ. ನಾಗ ಅಂದ್ರ ಹೆಡಿ ಚಿತ್ರ ಬರದು ಬಿಟ್ರ ಸಾಲೂದಿಲ್ರಿ, ನಾಗ ಆಗಿ ಆಡೂದು ಯಕ್ಷ ಆಗಿ ಆಡಿಧಂಗ ಇರಬಾರದು.

ಬೈಕಿಂದು ಹೇಳಬೇಕಂದ್ರ ಸೀದಾ ನಿಷೇಧ ಮಾಡ್ರಿ. ನಡಕೋತ ಇಲ್ಲಾ ಸೈಕಲ್, ಅಷ್ಟ. ವಯಸ್ಸಾದವರಿಗೆ ಸಿಟಿ ಬಸ್ ನಡೀತದ ಅನ್ರಿ.

---

ಪಟ_ದಾಳ_ಕವಡೆ

ಸಾಧನಕೇರಿಯೋರು ಹೇಳಿದ್ದಕ್ಕೆ ನನ್ನ ಪೂರ್ತಿ ವೋಟು. ನಾನು ಬೆಂಗಳೂರಲ್ಲಿ ಇಂಗ್ರೆಸ್ ಅನ್ನೋ ಫೋನ್ ಗೇಮ್ ಬಹಳ ಆಡಿದೀನಿ, ಅದು 2012ರಲ್ಲಿ ಶುರುವಾಗಿದ್ದು, ಹಸಿರು ಮತ್ತೆ ನೀಲಿ ಎರಡೇ ಬಣ, ಊರಿನ ಪ್ರತಿಮೆ ಗುಡಿ ಗೋಡೆಚಿತ್ರ ಇವೆಲ್ಲಾ ಪೋರ್ಟಲ್ಲು, ಅಂದ್ರೆ ಹಿಡಿಯೋ ಜಾಗ, ಮೂರನ್ನ ಸೇರಿಸಿ ತ್ರಿಕೋನ ಮಾಡಿದ್ರೆ ಒಳಗಿನ ಜಾಗ ನಿಮ್ಮ ಬಣದ್ದು. ಕಥೆ ಸೈನ್ಸ್ ಫಿಕ್ಷನ್ ಥರದ್ದು ನಿಜ, ಆದ್ರೆ ನಿಮ್ಮ ತಲೆನೋವಿಗೆ ಅದರಲ್ಲಿ ಎರಡು ಒಳ್ಳೇ ಔಷಧಿ ಇವೆ.

ಒಂದು, ಹಿಡಿದದ್ದು ತಾನಾಗೇ ಸವೆಯುತ್ತೆ. ಪೋರ್ಟಲ್ಲಿನ ಶಕ್ತಿ ದಿನಕ್ಕೆ 15 ಪರ್ಸೆಂಟ್ ಕಮ್ಮಿ ಆಗ್ತಾ ಆಗ್ತಾ ಒಂದು ವಾರದಲ್ಲಿ ಖಾಲಿ, ಯಾರೂ ಬಂದು ಹೊಡೀದಿದ್ರೂನೂ. ನೀವು ಹೇಳಿದ ಆಂಟಿಗೆ ಬೆಲೆ ಬರೋದು ಇಲ್ಲೇ. ಹತ್ತು ದಿನದ ಆಟದಲ್ಲಿ ಮೂರು ದಿನ ಸ್ವಂತ ಕುಲದೋರು ಯಾರೂ ಹೋಗಿ ಸಹಿ ಹಾಕ್ಲಿಲ್ಲ ಅಂದ್ರೆ ಆ ಡಬ್ಬಿ ಪಾಳು, ಯಾರ್ದೂ ಅಲ್ಲ ಅಂತ ಮಾಡಿ. ಹೋದಾಗ ಸಹಿ ಜೊತೆಗೆ ಮುಚ್ಚಳ ಸರಿ ಇದ್ಯಾ, ಹಾಳೆ ಒದ್ದೆ ಆಗಿದ್ಯಾ ಅಂತ ನೋಡಿ ಬರೀಬೇಕು. ನೆಕ್ಕರ್ ಸರ್ ಹೇಳಿದ ಮರೆತ ಡಬ್ಬಿ ಸಮಸ್ಯೇನೂ ಇದರಲ್ಲೇ ಮುಗಿಯುತ್ತೆ, ಪ್ರತಿ ಡಬ್ಬಿನೂ ಮೂರು ದಿನಕ್ಕೊಂದ್ಸಲ ಯಾರೋ ನೋಡಿರ್ತಾರೆ. ಇಂಗ್ರೆಸ್ಸಲ್ಲಿ ಆ ಪೋರ್ಟಲ್ಲಿನ ಕೀ ಇದ್ರೆ ಮನೇಲೇ ಕೂತು ರೀಚಾರ್ಜ್ ಮಾಡ್ಬಹುದು, ನೀವು ಅದನ್ನ ತರಬೇಡಿ, ಕಾಲಲ್ಲೇ ಹೋಗ್ಬೇಕು.

ಎರಡು, ಲೆಕ್ಕ ಕೊನೇಲಿ ಒಂದೇ ಸಲ ಹಿಡಿಯಲ್ಲ. ಇಂಗ್ರೆಸ್ಸಲ್ಲಿ ಐದೈದು ಗಂಟೆಗೆ ಒಂದು ಚೆಕ್‌ಪಾಯಿಂಟು, ಅಂದ್ರೆ ಅಂಕ ಎಣಿಸೋ ಹೊತ್ತು, 35 ಚೆಕ್‌ಪಾಯಿಂಟ್ ಸೇರಿ 175 ಗಂಟೆಯ ಒಂದು ಸುತ್ತು, ಎಲ್ಲದರ ಸರಾಸರಿ ಮೇಲೆ ಗೆಲುವು. 24ನ್ನ 5 ಸರಿಯಾಗಿ ಭಾಗಿಸಲ್ಲ ಅಲ್ವಾ, ಅದರಿಂದ ಚೆಕ್‌ಪಾಯಿಂಟ್ ಟೈಮು ದಿನಾ ಸರೀತಾ ಹೋಗುತ್ತೆ, ಇವತ್ತು ಬೆಳಗಿನೋರಿಗೆ ಅನುಕೂಲ ಆದ್ರೆ ನಾಳೆ ಸಂಜೆಯೋರಿಗೆ. ಈ ಸಣ್ಣ ವಿಷಯ ನನಗೆ ಇವತ್ತಿಗೂ ತುಂಬಾ ಇಷ್ಟ. ಸ್ವೀಡನ್ನಿನ ಟರ್ಫ್ ಅಂತ ಇನ್ನೊಂದು ಆಟ ಇದೆ, ಅದರಲ್ಲಿ ಒಂದು ವಲಯಕ್ಕೆ ಹೋಗಿ ಹಿಡಿದ ಕೂಡ್ಲೇ ಒಂದಿಷ್ಟು ಅಂಕ, ಆಮೇಲೆ ಕೈಲಿರೋ ತನಕ ಗಂಟೆಗಿಷ್ಟು ಅಂತ ಬರ್ತಾ ಇರುತ್ತೆ, ತಿಂಗಳಿಗೊಂದ್ಸಲ ಹೊಸ ಸುತ್ತು. ನಿಮಗೆ ಗಂಟೆ ಲೆಕ್ಕ ಇಡೋದು ಕಷ್ಟ, ಆ್ಯಪ್ ಬೇಕಾಗುತ್ತೆ. ಬದಲಿಗೆ ಸೂತ್ರಧಾರ ಒಬ್ರು ಬೆಳಿಗ್ಗೆ ಮೂರು ಚೀಟಿ ಎತ್ತಲಿ, ಆರರಿಂದ ಆರರೊಳಗೆ ಮೂರು ಟೈಮು, ಯಾರಿಗೂ ಹೇಳೋದು ಬೇಡ. ಆ ಟೈಮಲ್ಲಿ ನಕ್ಷೆ ಹೇಗಿತ್ತೋ ಅದಕ್ಕೆ ಅಂಕ, ರಾತ್ರಿ ಘೋಷಣೆ. ಟೈಮ್ ಮುಂಚೇನೇ ಗೊತ್ತಾದ್ರೆ ಎಲ್ರೂ ಹತ್ತು ನಿಮಿಷ ಮುಂಚೆ ಬಂದು ನಿಂತಿರ್ತಾರೆ.

ಗಡಿ ಹೇಗೆ ಎಳೆಯೋದು ಅಂದ್ರೆ ಬಡಾವಣೆ ಲೆಕ್ಕ ಬೇಡ, ಕುವೆಂಪುನಗರ ಎಷ್ಟು ದೊಡ್ಡದು ಸರಸ್ವತೀಪುರಂ ಎಷ್ಟು ಚಿಕ್ಕದು ನೋಡಿ. ಅಕ್ಷಾಂಶ ರೇಖಾಂಶದ ನಿಮಿಷದ ಗೆರೆಗಳನ್ನೇ ತಗೊಳ್ಳಿ. ನಮ್ಮ ಅಕ್ಷಾಂಶದಲ್ಲಿ ಒಂದು ನಿಮಿಷ ಅಂದ್ರೆ ಎರಡೂ ಕಡೆ ಹತ್ತತ್ರ 1.8 ಕಿಲೋಮೀಟರ್, ಹಾಗಾಗಿ ಗೆರೆಗಳ ನಡುವಿನ ಮನೆಗಳು ಹೆಚ್ಚುಕಮ್ಮಿ ಚೌಕವಾಗೇ ಬರ್ತವೆ (ಸ್ಟುಟ್‌ಗಾರ್ಟಲ್ಲಿ ಮಾಡಿದ್ರೆ ಉದ್ದುದ್ದ ಆಗುತ್ತೆ, ಅಲ್ಲಿ ಪೂರ್ವ-ಪಶ್ಚಿಮ 1.2 ಅಷ್ಟೇ). ಆರಕ್ಕೆ ಆರು ಅಂದ್ರೆ 36 ಮನೆ, ಸುಮಾರು 11 ಕಿಲೋಮೀಟರ್ ಅಗಲ, ಮೈಸೂರಿನ ಮುಖ್ಯ ಭಾಗ ಅದರಲ್ಲಿ ಕೂರುತ್ತೆ. ಮನೆಗೆ ಒಂದು ಡಬ್ಬಿ ಅಥವಾ ಒಂದು ಯಕ್ಷಪ್ರಶ್ನೆ. ಪ್ರತಿ ಕುಲಕ್ಕೂ ಒಂದು ರಾಜಧಾನಿ ಮನೆ, ಅಲ್ಲಿಂದ ಅಂಟಿಕೊಂಡಿರೋ ಮನೆಗಳಿಗೆ ಪೂರ್ತಿ ಅಂಕ, ತುಂಡಾಗಿ ಬೇರೆ ಬಿದ್ದಿರೋದಕ್ಕೆ ಅರ್ಧ. ಆಗ ಬೀದಿ ಬೀದಿ ಅಲೆದು ಸಿಕ್ಕಿದ್ದೆಲ್ಲಾ ಹಿಡಿಯೋದಕ್ಕಿಂತ ಎದುರಾಳಿಯ ದಾರಿ ಎಲ್ಲಿ ಕತ್ತರಿಸ್ಬಹುದು ಅಂತ ಯೋಚಿಸೋ ತಲೆಗೆ ಕೆಲಸ ಬರುತ್ತೆ.

---

ಕೆರೆಏರಿ_ಮೈಸೂರು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಹೇಳ್ತೀರಾ ಅಂದ್ಕೊಂಡಿರ್ಲಿಲ್ಲ. ಪಾಳು ಬೀಳೋ ನಿಯಮ, ಚೀಟಿ ಎತ್ತೋದು, ನಿಮಿಷದ ಮನೆ ಮೂರೂ ತಗೋತೀವಿ. ಕುಲಕ್ಕೊಂದು ಶಕ್ತಿ ಅನ್ನೋದನ್ನ ಓದಿ ನಮ್ಮ ಹುಡುಗ್ರು ಗ್ರೂಪಲ್ಲಿ ಕುಣೀತಿದಾರೆ, ಇದ್ದಕ್ಕಿದ್ದಂಗೆ ನಾಲ್ಕು ಜನಕ್ಕೆ ನಾಗ ಆಗ್ಬೇಕಂತೆ.

ಒಂದು ಅನುಮಾನ ಉಳೀತು. ಹೋಗಿದ್ದಕ್ಕೆ ಪುರಾವೆ ಏನು? ಡಬ್ಬೀಲಿ ಒಂದು ಗುಟ್ಟು ಪದ ಬರೆದಿಟ್ರೆ ಒಬ್ರು ಹೋಗಿ ಫೋಟೋ ತೆಗೆದು ವಾಟ್ಸಾಪಲ್ಲಿ ಹಾಕಿದ್ರೆ ಇಡೀ ಕುಲ ಮನೇಲೇ ಕೂತು ಸಹಿ ಹಾಕ್ದಂಗೆ ಆಗುತ್ತೆ. ಲೊಕೇಶನ್ ಆನ್ ಮಾಡ್ಸೋ ಆ್ಯಪ್ ನನಗೆ ಇಷ್ಟ ಇಲ್ಲ, ಗುಂಪಲ್ಲಿ ಹುಡ್ಗೀರಿದಾರೆ, ಯಾರು ಎಲ್ಲಿದಾರೆ ಅಂತ ಎಲ್ರಿಗೂ ಕಾಣೋದು ಬೇಡ.

---

ಪಟ_ದಾಳ_ಕವಡೆ

ಲೊಕೇಶನ್ ಬೇಡ ಅಂದಿದ್ದು ಬಹಳ ಸರಿ, ಅದರ ಮೇಲೆ ಗಟ್ಟಿಯಾಗಿ ನಿಲ್ಲಿ. ಪುರಾವೆಗೆ ಪೇಪರ್ರೇ ಸಾಕು. ನೀವು ಸಹಿ ಹಾಕಿದ್ ಮೇಲೆ ಸೂತ್ರಧಾರರಿಗೆ ಎರಡು ವಿಷಯ ಕಳಿಸ್ಬೇಕು, ನಿಮ್ಮ ಸಹಿಯ ಕ್ರಮಸಂಖ್ಯೆ ಮತ್ತೆ ನಿಮಗಿಂತ ಮುಂಚೆ ಸಹಿ ಹಾಕಿದೋರ ಹೆಸರು. ಪ್ರತಿ ಸಲ ಯಾರೋ ಹೋದಾಗ ಉತ್ತರ ಬದಲಾಗುತ್ತೆ, ಹಳೇ ಫೋಟೋ ಕೆಲಸಕ್ಕೆ ಬರಲ್ಲ. ಎದುರಾಳಿ ಹೋಗಿ ಬಂದು ಮೆಸೇಜ್ ಕಳ್ಸೋದು ತಡ ಮಾಡಿದ್ರೂ ಆಮೇಲೆ ಹೋದೋರು ಹಿಂದಿನ ಹೆಸರು ಹೇಳಿದಾಗ ಗೊತ್ತಾಗಿಬಿಡುತ್ತೆ. ಜಗಳ ಬಂದ್ರೆ ಹಾಳೇಲಿ ಯಾವ ಕ್ರಮದಲ್ಲಿದ್ಯೋ ಅದೇ ಕೊನೇ ಮಾತು. ಅಡ್ಡಹೆಸರಲ್ಲೇ ಸಹಿ ಹಾಕಿ, ನಿಜವಾದ ಹೆಸರು ಡಬ್ಬೀಲಿ ಬಿಟ್ಟು ಬರೋದು ಬೇಡ.

ಯಕ್ಷಪ್ರಶ್ನೆಗೆ ನೆಟ್ಟಲ್ಲಿ ಸಿಗೋ ಉತ್ತರ ಇಡ್ಬೇಡಿ. ಚಾಮುಂಡಿ ಬೆಟ್ಟದ ನಂದಿ ಕೊರಳಲ್ಲಿ ಗಂಟೆ ಎಷ್ಟು ಸಾಲು ಅಂತ ಕೇಳಿದ್ರೆ ಫೋಟೋ ನೋಡಿ ಹೇಳ್ತಾರೆ. ಮೆಟ್ಟಿಲ ಪಕ್ಕದ ಲೈಟ್ ಕಂಬದ ನಂಬರು, ಬೆಂಚಿನ ಮುರಿದ ಪಟ್ಟಿ ಎಷ್ಟನೇದು, ಇಂಥವು ನಿಲ್ಲುತ್ತವೆ. ದಿನಾ ಬೇರೆ ಪ್ರಶ್ನೆ ಇರ್ಲಿ.

---

ವೀರಗಲ್ಲು

ಚೆನ್ನಾಗಿ ಮಾತಾಡ್ತಿದೀರಾ ಎಲ್ರೂ, ಆದ್ರೆ ಒಂದು ದೊಡ್ಡ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಬರೀತಿದೀನಿ. ನಾನು ಶಾಸನ, ವೀರಗಲ್ಲು ಅಂತ ಹಳ್ಳಿ ಹಳ್ಳಿ ಸುತ್ತೋನು. ನಮ್ಮ ಕರ್ನಾಟಕದಲ್ಲಿ ನಿಧಿ ಅನ್ನೋ ಪದ ಹಗುರ ಅಲ್ಲ. ನಿಧಿ ಆಸೆಗೆ ಹಳೇ ಗುಡಿಗಳ ಗರ್ಭಗುಡಿ ಅಗೆದಿದಾರೆ, ವಿಗ್ರಹ ಪೀಠದಿಂದ ಕಿತ್ತಿದಾರೆ, ಏಳೆಂಟು ನೂರು ವರ್ಷದ ಶಾಸನದ ಕಲ್ಲನ್ನ ಉರುಳಿಸಿ ಕೆಳಗೆ ಗುಂಡಿ ತೋಡಿದಾರೆ. ಊರೋರಿಗೆ ಇದು ಗೊತ್ತು. ನೀವು ನಾಲ್ಕು ಜನ ಬ್ಯಾಗ್ ಹಾಕ್ಕೊಂಡು, ಫೋನ್ ಹಿಡ್ಕೊಂಡು ಹಳೇ ಗುಡಿ ಹಿಂದೆ ಸುತ್ತಾಡ್ತಾ ಏನೋ ಹುಡುಕ್ತಿದ್ರೆ, ಕೇಳಿದ್ದಕ್ಕೆ 'ಪದ್ಮನಿಧಿ ಹುಡುಕ್ತಿದೀವಿ' ಅಂದ್ರೆ, ಆಮೇಲೆ ಏನಾಗುತ್ತೆ ಅಂತ ಯೋಚ್ನೆ ಮಾಡಿ. ಕತ್ತಲಲ್ಲಂತೂ ಕೇಳೋದೇ ಬೇಡ, ಕಟ್ಟಿ ಹಾಕಿಬಿಡ್ತಾರೆ, ಅವರ ತಪ್ಪು ಅಂತ ಹೇಳೋಕೂ ಆಗಲ್ಲ.

ಆದ್ದರಿಂದ ಹಳೇ ಗುಡಿ, ಮಂಟಪ, ಕೋಟೆ ಗೋಡೆ, ಕಲ್ಯಾಣಿ, ವೀರಗಲ್ಲು, ಮಾಸ್ತಿಕಲ್ಲು ಯಾವುದರ ಹತ್ರನೂ ಡಬ್ಬಿ ಬೇಡ. ಕೇಂದ್ರದ ರಕ್ಷಿತ ಸ್ಮಾರಕ ಆಗಿದ್ರೆ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಅಂತ 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡೀಲಿದೆ. ಅದು ಕಟ್ಟಡ, ಗಣಿಗಾರಿಕೆಗೆ ಸಂಬಂಧಪಟ್ಟಿದ್ದು, ಡಬ್ಬಿಗಲ್ಲ, ಸರಿ. ಆದ್ರೂ ಆ 100 ಮೀಟರನ್ನ ನಿಮ್ಮ ಆಟದ ಗೆರೆ ಅಂತಲೂ ಇಟ್ಕೊಳ್ಳಿ ಅಂತ ನನ್ನ ವಿನಂತಿ. ಅರಳಿಕಟ್ಟೆ ಮೇಲೆ ನಾಗರಕಲ್ಲು ಇರುತ್ತಲ್ಲ, ಅಲ್ಲೂ ಬೇಡ. ನಾಗ ಕುಲ ಅಂತ ಹೆಸರಿಟ್ಕೊಂಡು ಜನ ಹಾಲೆರೆಯೋ ಕಲ್ಲಿನ ಹಿಂದೆ ಪ್ಲಾಸ್ಟಿಕ್ ಡಬ್ಬಿ ತುರುಕೋದು ಚೆನ್ನಾಗಿರಲ್ಲ.

ಚಾಮುಂಡಿ ಬೆಟ್ಟದ ವಿಷಯ. ಅದು ಮೀಸಲು ಅರಣ್ಯ, ಚಿರತೆ ಓಡಾಡೋ ಜಾಗ. ಮೆಟ್ಟಿಲು ಮತ್ತೆ ರಸ್ತೆ ಬಿಟ್ಟು ಒಂದು ಹೆಜ್ಜೆ ಆಚೆ ಹೋಗೋ ಥರ ಏನೂ ಇಡ್ಬೇಡಿ, ಡಬ್ಬಿ ಇಟ್ರೆ ಕೋತಿ ಕೈಗೆ ಸಿಗುತ್ತೆ. ಅಲ್ಲಿಗೆ ಯಕ್ಷಪ್ರಶ್ನೆ ಮಾತ್ರ, ಅದೂ ಹಗಲಲ್ಲಿ.

ಆಟ ಬೇಡ ಅಂತ ಖಂಡಿತ ಹೇಳ್ತಿಲ್ಲ. ಹುಡುಗ್ರು ಊರು ನೋಡ್ಲಿ, ನಡೀಲಿ, ನನಗೆ ಅದಕ್ಕಿಂತ ಸಂತೋಷ ಇಲ್ಲ. ಹಳೇ ಗುಡಿಗಳನ್ನ ಆಟದೊಳಗೆ ತರಬೇಕು ಅನಿಸಿದ್ರೆ ಒಂದು ದಾರಿ ಇದೆ. ಹೊಯ್ಸಳರ ಗುಡೀಲಿ ಯಕ್ಷ ಗಂಧರ್ವರನ್ನ ಎಲ್ಲಿ ಕೆತ್ತಿರ್ತಾರೆ, ಕೈಲಿ ಏನಿರುತ್ತೆ, ಹಾರೋ ಭಂಗಿ ಹೇಗೆ ತೋರಿಸ್ತಾರೆ ಅಂತ ನೋಡೋದಕ್ಕೆ ಒಂದು ದಿನ ಸೋಮನಾಥಪುರಕ್ಕೆ ಎಲ್ರೂ ಒಟ್ಟಿಗೆ ಹೋಗಿ, ಮೈಸೂರಿಂದ ದೂರ ಏನಿಲ್ಲ, ಹದಿಮೂರನೇ ಶತಮಾನದಲ್ಲಿ ಕಟ್ಟಿಸಿದ ಗುಡಿ, ಟಿಕೆಟ್ ತಗೊಂಡು ಹಗಲಲ್ಲಿ ಸಮಾಧಾನವಾಗಿ ನೋಡಿ. ಅಲ್ಲಿ ಅಂಕ ಗಿಂಕ ಬೇಡ. ನಿಮ್ಮ ಕುಲದ ಲಾಂಛನ ಬರೆಯೋರು ಅಲ್ಲಿ ಕೂತು ಸ್ಕೆಚ್ ಮಾಡ್ಕೊಳ್ಳಲಿ.

---

ಕೆರೆಏರಿ_ಮೈಸೂರು

ವೀರಗಲ್ಲು ಸರ್, ನೀವು ಬರೆದಿದ್ದನ್ನ ಹಾಗೇ ನಮ್ಮ ಗ್ರೂಪಲ್ಲಿ ಹಾಕಿ ಚರ್ಚೆ ಮಾಡಿದ್ವಿ. ನವನಿಧಿ ಹೆಸರು ನಕ್ಷೇಲಿ ಮಾತ್ರ, ಡಬ್ಬಿ ಮೇಲೆ ಎಲ್ಲೂ ನಿಧಿ ಅನ್ನೋ ಪದ ಬರಲ್ಲ. ಯಾರಾದ್ರೂ ಕೇಳಿದ್ರೆ 'ಸಹಿ ಆಟ' ಅಂತ ಹೇಳಿ, ಡಬ್ಬಿ ತೆಗೆದು ತೋರಿಸಿ, ಆಟದ ಚೀಟಿ ಕೊಡೋದು ಅಂತ ನಿಯಮ ಮಾಡಿದೀವಿ. ದೇವರಾಜ ಮಾರ್ಕೆಟ್ ಕಡೆ ಮನೆಗೆ ಡಬ್ಬಿ ಬದಲು ಒಬ್ರು ಹೂವಿನ ಅಂಗಡಿಯೋರು ಲಾಗ್ ಹಾಳೆ ತಾವೇ ಇಟ್ಕೋತೀನಿ ಅಂತ ಒಪ್ಪಿದಾರೆ, ಇದು ನನಗೆ ಬಹಳ ಹಿಡಿಸ್ತು, ಅವರೇ ಅಲ್ಲಿನ ಕಾವಲು ಯಕ್ಷ. ಇದೇ ಥರ ಇನ್ನೂ ನಾಲ್ಕೈದು ಅಂಗಡಿ, ಒಂದು ಲೈಬ್ರರಿ ಕೇಳ್ಬೇಕು ಅಂತಿದೀವಿ. ಕುಕ್ಕರಹಳ್ಳಿ ಕೆರೆ ಯೂನಿವರ್ಸಿಟಿದು, ಅಲ್ಲಿ ಪ್ರಶ್ನೆ ಆಟಕ್ಕೂ ಒಂದು ಲೆಟರ್ ಕೊಟ್ಟು ಕೇಳ್ತೀವಿ. ಕಾರಂಜಿ ಕೆರೆಗೆ ಟಿಕೆಟ್ ತಗೊಂಡು ಹೋಗ್ಬೇಕು, ದುಡ್ಡಿರೋ ಕುಲಕ್ಕೆ ಅನುಕೂಲ ಆಗ್ಬಾರ್ದು ಅಂತ ಅದನ್ನ ಬಿಟ್ಟಿದೀವಿ.

ಶಕ್ತಿಗಳ ವಿಷಯಕ್ಕೆ ಇನ್ನೂ ಜಗಳ ನಡೀತಿದೆ. ಯಕ್ಷರ ಡಬ್ಬಿಗೆ ಎರಡು ಸಹಿ ಅನ್ನೋದು ಜೋರಾಯ್ತು ಅಂತ ಗಂಧರ್ವರ ವಾದ. ಪರೀಕ್ಷೆಗೆ ಅಂತ ಈ ಭಾನುವಾರ ಜಯಲಕ್ಷ್ಮೀಪುರಂ ಗೋಕುಲಂ ಕಡೆ ಬರೀ ನಾಲ್ಕು ಮನೆ ಇಟ್ಕೊಂಡು ಒಂದು ಸಣ್ಣ ಸುತ್ತು ಆಡಿ ನೋಡ್ತೀವಿ.

---

ನೆಕ್ಕರ್_ದಂಡೆ

ಅಂಗಡಿಯೋರ ಹತ್ರ ಹಾಳೆ ಇಡೋದು ಅದ್ಭುತ ಐಡಿಯಾ, ಬಾಂಬ್ ಭಯನೂ ಇಲ್ಲ, ಗೆದ್ದಲೂ ಇಲ್ಲ. ಅಂಗಡಿ ರಜಾ ದಿನ ಯಾವುದು ಅಂತ ಸುಳಿವಲ್ಲಿ ಬರೀರಿ, ಆಯುಧಪೂಜೆ ದಿನ ನೂಕುನುಗ್ಗಲಲ್ಲಿ ಹೋಗಿ ತೊಂದ್ರೆ ಕೊಡೋದು ಬೇಡ, ಆವತ್ತು ಆ ಮನೆಗೆ ಅಂಕ ಇಲ್ಲ ಅಂತ ಇಡಿ. ಎರಡು ಸಹಿ ಜೋರಾಯ್ತು ಅಂದ್ರೆ ಅದನ್ನ ನವನಿಧಿ ಮನೆಗಳಿಗೆ ಮಾತ್ರ ಇಟ್ಟು ನೋಡಿ, 36ರಲ್ಲಿ ಒಂಬತ್ತಕ್ಕೆ ಮಾತ್ರ ಅಂದ್ರೆ ಗಂಧರ್ವರೂ ಒಪ್ಪಬಹುದು.

---

ಸಾಧನಕೇರಿ_ಹುಡುಗ

ಭಾನುವಾರದ ಸುತ್ತು ಹೆಂಗಾತು ಅಂತ ಇಲ್ಲೇ ಬರೀರಿ, ಮರೀಬ್ಯಾಡ್ರಿ. ಲಾಗ್ ಹಾಳಿ ಮತ್ತ ಊರಾವರಿಗೆ ಕೊಡೂ ಚೀಟಿ, ಎರಡೂದರ ಫೋಟೋ ಹಾಕಿದ್ರ ಭಾಳ ಉಪಕಾರ ಆಗ್ತದ. ನಾವೂ ಹತ್ತು ಹದಿನೈದು ಮಂದಿ ಅದೀವಿ, ದೀಪಾವಳಿ ಮುಗದ ಮ್ಯಾಲೆ ಧಾರವಾಡದಾಗ ಆಡೂಣು ಅಂತ ಮಾತು ನಡದೈತಿ. ಕೆರಿ, ಕಾಲೇಜು ಗುಡ್ಡ, ಪ್ಯಾಟಿ ಎಲ್ಲಾ ಒಂದ ಕಡೆ ಐತಿ, 36 ಮನಿ ಬೇಕಾಗೂದಿಲ್ಲ, 16 ಸಾಕು ಅನಿಸ್ತದ. ಸಣ್ಣ ಊರಿಗೆ ಪಾಳು ಬೀಳೂ ದಿನ ಮೂರರಿಂದ ಎರಡಕ್ಕ ಇಳಿಸಬೇಕಾಗ್ತದೇನು, ಅದೊಂದು ನಿಮ್ಮ ಭಾನುವಾರದ ಆಟದಾಗ ನೋಡಿ ಹೇಳ್ರಿ.